ನೂತನ ದೃಶ್ಯಕ್ರೀಡೆಗಳ ಗುಣದೋಷವಿಚಾರ

೧

ಇಂದ್ರಾದಿ ದೇವತೆಗಳು ಪಿತಾಮಹನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಸಲ್ಲುವಂತಹ ಒಂದು ‘ಕ್ರೀಡನೀಯಕ’ವನ್ನು ಬೇಡಿದರೆಂದು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಹೇಳಿದೆ. ಕ್ರೀಡನೀಯಕವೆಂದರೆ ಆಟದ ವಸ್ತು. ಬೇಡಿದುದು ಆಟದ ವಸ್ತು, ದೊರೆತುದು ನಾಟ್ಯವೇದ. ಮುಂದಣ ಲಾಕ್ಷಣಿಕರು ನಾಟ್ಯವನ್ನು ಕುರಿತು ವಿಸ್ತಾರವಾಗಿ ವಿಚಾರಮಾಡಿದರು. ಆಟವನ್ನು ಕುರಿತು ಅವರು ಮಾಡಿದ ವಿಚಾರವು ಅತ್ಯಲ್ಪ. ಅದು ಮಕ್ಕಳ ಬೀದಿಗೂ ಹೆಂಗಸರ ಜಗಲಿಗೂ ಬಿಟ್ಟ ವಿಷಯವಾಯಿತು. ಈಗ ಆ ಉಪೇಕ್ಷೆಗೆ ಅವಕಾಶವಿಲ್ಲ. ಜನರು ವೀಡಿಯೊ ಗೇಮ್ ಎಂದು ಕರೆಯುವ ದೃಶ್ಯಕ್ರೀಡೆಯು ಕಥೆ, ಚಿತ್ರ, ಸಂಗೀತ, ಅಭಿನಯಗಳೆಲ್ಲವನ್ನೂ ತನ್ನೊಳಗೆ ಸೇರಿಸಿಕೊಂಡು, ನೋಡುವವನ ವಶಕ್ಕೇ ಕಥಾನಾಯಕನ ಕೈಕಾಲುಗಳನ್ನು ಒಪ್ಪಿಸಿಬಿಟ್ಟಿದೆ. ದೇವತೆಗಳು ಬೇಡಿದ ವಸ್ತುವು ಇದೇ ಆಗಿತ್ತೇನೋ ಎಂಬ ಶಂಕೆಗೂ ಎಡೆಯುಂಟು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಈ ಬದಲಾವಣೆಯನ್ನು ಒಂದೇ ಜಗಲಿಯ ಮೇಲೆ ಕಾಣಬಹುದು. ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದ ಚೌಕಾಬಾರದ ಮನೆಗಳು ಒಂದೆಡೆ. ಮೊಬೈಲ್ ಫೋನನ್ನು ಅಡ್ಡಲಾಗಿ ಹಿಡಿದು ತಲೆ ಬಗ್ಗಿಸಿ ಕುಳಿತ ಹುಡುಗರು ಇನ್ನೊಂದೆಡೆ. ಹಿರಿಯರು ಹುಡುಗರನ್ನು ಗದರುವರು. ಹುಡುಗರು ಹಿರಿಯರ ಆಟವನ್ನು ಹಳತೆಂದು ನಗುವರು. ಗದರಿಕೆಯೂ ವಿಮರ್ಶೆಯಲ್ಲ, ನಗೆಯೂ ವಿಮರ್ಶೆಯಲ್ಲ. ಯಾವ ಆಟವು ಒಳ್ಳೆಯದು, ಯಾವುದು ಅಲ್ಲ, ಏತಕ್ಕೆ ಅಲ್ಲ ಎಂಬುದನ್ನು ಕನ್ನಡದಲ್ಲಿ ಹೇಳಲು ತಕ್ಕ ಅಳತೆಗೋಲು ಈ ಇಬ್ಬರಲ್ಲಿ ಯಾರ ಬಳಿಯಲ್ಲಿಯೂ ಇಲ್ಲ. ಅಳತೆಗೋಲಿಲ್ಲದ ಸಂತೆಯಲ್ಲಿ ಮಾರುವವನ ಮಾತೇ ಪ್ರಮಾಣವಾಗುವುದು. ದೋಷವನ್ನು ದೋಷವೆಂದು ಹೆಸರಿಟ್ಟು ಕರೆಯಲಾರದ ಜನಕ್ಕೆ ಗುಣವೂ ಕೈಗೆ ಹತ್ತದು. ಕವಿರಾಜಮಾರ್ಗಕಾರನು ತನ್ನ ಮೊದಲನೆಯ ಪರಿಚ್ಛೇದವನ್ನು ದೋಷವಿಚಾರಕ್ಕೆ ಮೀಸಲಿಟ್ಟುದರ ಮರ್ಮವು ಇದೇ.

ಆದುದರಿಂದ ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಂಡು, ಅನಂತರ ಈಚೆಗೆ ಪ್ರಕಟವಾದ ನಾಲ್ಕು ಕೃತಿಗಳಿಗೆ ಅದನ್ನು ಹಿಡಿದು ನೋಡುವುದು ಪ್ರಕೃತ ಲೇಖನದ ಉದ್ದೇಶ. ಅವು ಯಾವುವೆಂದರೆ: ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆಯವರ ‘ಇಂಡಸ್’ (೨೦೨೪ರ ಅಕ್ಟೋಬರ್), ಚೀನಾ ದೇಶದ ಗೇಮ್ ಸೈನ್ಸ್ ಸಂಸ್ಥೆಯವರ ‘ಬ್ಲ್ಯಾಕ್ ಮಿಥ್: ವುಕಾಂಗ್’ (೨೦೨೪ರ ಆಗಸ್ಟ್ ೨೦), ಕೆನಡಾ ದೇಶದ, ಹೆಸರನ್ನು ಮರೆಮಾಡಿಕೊಂಡ ಒಬ್ಬನೇ ಕರ್ತೃವು ರಚಿಸಿದ ‘ಬಲಾಟ್ರೊ’ (೨೦೨೪ರ ಫೆಬ್ರವರಿ ೨೦), ಫ್ರಾನ್ಸಿನ ಸ್ಯಾಂಡ್‌ಫಾಲ್ ಇಂಟರ್‌ಆಕ್ಟಿವ್ ಸಂಸ್ಥೆಯವರ ‘ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ ೩೩’ (೨೦೨೫ರ ಏಪ್ರಿಲ್ ೨೪).

೨

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳಿವೆ. ಅವುಗಳಲ್ಲಿ ನಾಲ್ಕನೆಯದು ವಿನೋದವಿಂಶತಿ, ಐದನೆಯದು ಕ್ರೀಡಾವಿಂಶತಿ. ಗೀತ, ನೃತ್ಯ, ಕಥೆ, ಮಲ್ಲಯುದ್ಧ, ಕೋಳಿಯ ಅಂಕ ಮೊದಲಾದುವು ವಿನೋದಗಳು. ಜಲಕ್ರೀಡೆ, ಉಯ್ಯಾಲೆ, ಚತುರಂಗ, ಪಗಡೆ ಮೊದಲಾದುವು ಕ್ರೀಡೆಗಳು. ಈ ವಿಭಾಗವು ಎಲ್ಲೆಡೆಯೂ ಕಟ್ಟುನಿಟ್ಟಾದುದಲ್ಲ. ಮೃಗಯೆಯು ಅರಸನು ತಾನೇ ಕೈಯಿಟ್ಟು ಮಾಡತಕ್ಕ ಕಾರ್ಯವಾಗಿದ್ದರೂ ವಿನೋದಗಳಲ್ಲಿಯೇ ಸೇರಿದೆ. ಆದರೂ ಒಟ್ಟಿನಲ್ಲಿ ನೋಡಿ ಕೇಳಿ ಸವಿಯತಕ್ಕುದು ವಿನೋದ, ತೊಡಗಿ ಆಡಿ ಸವಿಯತಕ್ಕುದು ಕ್ರೀಡೆ ಎಂಬ ಭೇದವು ಅಲ್ಲಿ ತೋರಿಬರುತ್ತದೆ. ದೃಶ್ಯಕ್ರೀಡೆಯನ್ನು ಅಳೆಯಲು ಇದಕ್ಕಿಂತ ಹತ್ತಿರದ ಸೂತ್ರವು ಬೇರೊಂದಿಲ್ಲ. ಏಕೆಂದರೆ ಅದರಲ್ಲಿ ಎರಡೂ ಬೆರೆತಿವೆ. ಕಥೆಯು ತಾನಾಗಿ ನಡೆದು ಆಡುವವನು ಸುಮ್ಮನೆ ನೋಡುವ ಭಾಗವು ವಿನೋದ. ಕೈ ತೊಡಗಿದ ಭಾಗವು ಕ್ರೀಡೆ. ಇವೆರಡೂ ಒಂದೇ ಭಾವದ ಕಡೆಗೆ ಎಳೆದರೆ ಗುಣ. ಒಂದು ಮೂಡಣಕ್ಕೂ ಇನ್ನೊಂದು ಪಡುವಣಕ್ಕೂ ಎಳೆದರೆ ದೋಷ.

ಕ್ರೀಡೆಯು ಕಥೆಯ ನೆರವಿಲ್ಲದೆಯೇ ಭಾವವನ್ನು ಹುಟ್ಟಿಸಬಲ್ಲುದೆ ಎಂದು ಕೇಳಿದರೆ, ಜಗಲಿಯ ಚೌಕಾಬಾರವೇ ಉತ್ತರ ಹೇಳುವುದು. ಐದಕ್ಕೆ ಐದರಂತೆ ೨೫ ಮನೆಗಳು. ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಡುವೆ ಒಂದು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಲ್ಲರಿಗೂ ಸೇರಿ ನಾಲ್ಕು ಕವಡೆ, ಇಲ್ಲವೆ ಒಂದು ಮಗ್ಗುಲು ತೇಯ್ದ ಹುಣಿಸೆಬೀಜ. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುವುವೆಂದು ಇಟ್ಟುಕೊಂಡರೆ, ಅವು ಬೀಳುವ ೧೬ ಬಗೆಗಳಲ್ಲಿ ಎರಡು ಬರುವುದು ೬ ಸಲ, ಒಂದು ೪ ಸಲ, ಮೂರು ೪ ಸಲ. ಚೌಕ ಒಂದೇ ಸಲ, ಬಾರ ಒಂದೇ ಸಲ. ಅಪರೂಪವಾದ ಈ ಎರಡಕ್ಕೆ ಮರುಗರದ ಭಾಗ್ಯವುಂಟು. ಇಷ್ಟು ದೈವದ ಪಾಲು. ಮನುಷ್ಯನ ಪಾಲು ಬೇರೆ ಇದೆ: ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ನಿಲ್ಲಿಸಬೇಕು ಎಂಬುದು. ಇವೆರಡಕ್ಕೂ ಮೇಲಾಗಿ ಒಂದು ಕಟ್ಟಳೆಯುಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಎಂದರೆ, ಯಾರ ಗೋಜಿಗೂ ಹೋಗದೆ ತನ್ನ ಪಾಡಿಗೆ ತಾನು ಹಣ್ಣಾಗುವ ದಾರಿಯು ಇಲ್ಲ. ಕಡಿಯಲು ಹೊರಟವನು ಕಟ್ಟೆಯನ್ನು ಬಿಡಬೇಕು. ಕಟ್ಟೆಯನ್ನು ಬಿಟ್ಟವನು ತಾನೂ ಕಡಿಸಿಕೊಳ್ಳಬಹುದು. ಕಥೆಯಿಲ್ಲ, ಚಿತ್ರವಿಲ್ಲ, ಹಾಡಿಲ್ಲ. ಆದರೂ ಆಸೆ, ಅಂಜಿಕೆ, ಸೇಡು, ನಗೆಗಳೆಂಬ ಸಂಚಾರಿಭಾವಗಳು ಒಂದರ ಹಿಂದೊಂದು ಜಗಲಿಯ ಮೇಲೆ ಸುಳಿಯುವುವು. ಭಾವವು ಹುಟ್ಟುವುದು ಕಟ್ಟಳೆಯಿಂದ. ಇದು ಪ್ರಕೃತ ವಿಚಾರದ ಮೂಲಸೂತ್ರ.

ಇಲ್ಲಿ ಒಂದು ಬಲವಾದ ಪೂರ್ವಪಕ್ಷವುಂಟು. ಅಭಿನವಗುಪ್ತಪಾದರು ‘ಅಭಿನವಭಾರತಿ’ಯಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿ, ಅವುಗಳಲ್ಲಿ ‘ನಿಜಸುಖಾದಿವಿವಶೀಭಾವ’ವನ್ನೂ ಸೇರಿಸಿದ್ದಾರೆ. ತನ್ನ ಸುಖದುಃಖಗಳಲ್ಲಿಯೇ ಮುಳುಗಿದವನಿಗೆ ರಸಾನುಭವವಿಲ್ಲ. ಆಡುವವನು ತಾನು ಗೆಲ್ಲುವೆನೋ ಸೋಲುವೆನೋ ಎಂಬ ಕಳವಳದಲ್ಲಿ ಇರುವನಷ್ಟೆ. ಅವನಿಗೆ ಸಾಧಾರಣೀಕರಣವೆಲ್ಲಿಯದು, ರಸವೆಲ್ಲಿಯದು ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಹೀಗೆ. ಆಟದ ಸೋಲು ಲೌಕಿಕದ ಸೋಲಲ್ಲ. ಚೌಕಾಬಾರದಲ್ಲಿ ಅತ್ತೆಯ ಕಾಯಿಯನ್ನು ಕಡಿದ ಸೊಸೆಯು ಆಟ ಮುಗಿದ ಮೇಲೆ ಅದೇ ಅತ್ತೆಯೊಡನೆ ಒಲೆಯ ಮುಂದೆ ಕೂರುವಳು. ಕಡಿದುದೂ ಸುಳ್ಳಲ್ಲ, ಕೂರುವುದೂ ಸುಳ್ಳಲ್ಲ. ತನ್ನದಾಗಿಯೂ ತನ್ನದಲ್ಲದ ಈ ಸುಖದುಃಖವು ಸಾಧಾರಣೀಕರಣಕ್ಕೆ ಬಹು ಸಮೀಪವಾದ ಸ್ಥಿತಿ. ಆದರೆ ಆಟಕ್ಕೆ ಹಣವು ಸೇರಿದ ಕ್ಷಣದಲ್ಲಿಯೇ ಸೋಲು ಲೌಕಿಕವಾಗುವುದು. ವಿಘ್ನವು ತಾನಾಗಿ ಬಂದು ಕೂರುವುದು. ದ್ಯೂತವು ಧರ್ಮಕ್ಕೆ ಕೇಡೆಂದು ಸ್ಮೃತಿಕಾರರು ಹೇಳಿದರು. ಅದು ರಸಕ್ಕೂ ಕೇಡೆಂಬುದು ಇದರಿಂದ ಸಿದ್ಧವಾಗುವುದು. ಆದುದರಿಂದ ಅಳತೆಗೋಲು ಎರಡು ಗೆಣ್ಣಿನದು. ವಿನೋದಕ್ಕೂ ಕ್ರೀಡೆಗೂ ಮೈತ್ರಿಯಿದೆಯೆ ಎಂಬುದು ಒಂದು. ಸೋಲು ಆಟದೊಳಗಿನ ಸೋಲಾಗಿಯೇ ಉಳಿದು, ಆದರೂ ಅರ್ಥವುಳ್ಳದ್ದಾಗಿದೆಯೆ ಎಂಬುದು ಎರಡು.

೩

‘ಇಂಡಸ್’ ಎಂಬುದು ಮೊಬೈಲ್ ಫೋನಿಗಾಗಿ ಹುಟ್ಟಿದ ಕೃತಿ. ಈ ಸೀಮೆಯ ಹುಡುಗರ ಕೈಗೆ ಸುಲಭವಾಗಿ ಎಟಕುವ ಬಗೆಯದು. ೨೦೧೭ರಲ್ಲಿ ಪ್ರಸಿದ್ಧಿಗೆ ಬಂದ ಪಬ್‌ಜಿಯ ಕಟ್ಟಳೆಯನ್ನೇ ಇದು ಅನುಸರಿಸಿದೆ: ಅನೇಕರು ಒಂದು ದ್ವೀಪದಲ್ಲಿ ಇಳಿಯುವುದು, ಆಯುಧಗಳನ್ನು ಹುಡುಕಿಕೊಳ್ಳುವುದು, ಕುಗ್ಗುತ್ತ ಬರುವ ವಲಯದೊಳಗೆ ಹೋರಾಡುವುದು, ಕೊನೆಗೆ ಉಳಿದವನು ಗೆಲ್ಲುವುದು. ಕರ್ತೃಗಳು ಇದಕ್ಕೆ ಭಾರತೀಯವಾದ ಭವಿಷ್ಯಕಲ್ಪನೆಯ ವೇಷವನ್ನು ತೊಡಿಸಿದ್ದಾರೆ. ದ್ವೀಪದ ಹೆಸರು ವಿರ್‌ಲೋಕ. ಕಟ್ಟಡ, ಉಡುಪು, ಮುಖವಾಡಗಳಲ್ಲಿ ದೇಶೀಯವಾದ ವರ್ಣಗಳಿವೆ. ಇದು ಮೆಚ್ಚತಕ್ಕುದೇ. ಆದರೆ ವೇಷವನ್ನು ತೆಗೆದಿಟ್ಟು ನೋಡಿದರೆ ಕ್ರೀಡೆಯು ಬಹುಮಟ್ಟಿಗೆ ಎರವಿನದು. ದೇಶೀಯತೆಯು ಅಲಂಕಾರದಲ್ಲಿದೆ, ಕಟ್ಟಳೆಯಲ್ಲಿಲ್ಲ. ಹಾರವು ಕಾವ್ಯಶರೀರಕ್ಕೆ ಶೋಭೆಯನ್ನು ತರುವುದೇ ಹೊರತು ಶರೀರವನ್ನು ಹುಟ್ಟಿಸಲಾರದು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುವುದು. ‘ಇಂಡಸ್’ ಕೃತಿಯಲ್ಲಿ ಒಂದು ಸ್ವಂತ ಕಟ್ಟಳೆಯುಂಟು. ಆಟದ ಕೊನೆಯ ಹೊತ್ತಿನಲ್ಲಿ ‘ಕಾಸ್ಮಿಯಂ’ ಎಂಬ ದಿವ್ಯವಸ್ತುವು ಕಾಣಿಸಿಕೊಳ್ಳುವುದು. ಅದನ್ನು ವಶಪಡಿಸಿಕೊಂಡವನು ಎಲ್ಲರನ್ನೂ ಕೊಲ್ಲದೆಯೂ ಗೆಲ್ಲಬಹುದು. ಪೊದೆಯ ಮರೆಯಲ್ಲಿ ಅವಿತು ಕೊನೆಯವರೆಗೂ ಕಾಯುವ ಹಂಚಿಕೆಗೆ ಇದರಿಂದ ಭಂಗ ಬರುವುದು. ಅವಿತವನು ಹೊರಕ್ಕೆ ಬರಲೇಬೇಕು. ಚೌಕಾಬಾರದಲ್ಲಿ ಕಟ್ಟೆಯನ್ನು ಬಿಡಿಸುವ ಕಟ್ಟಳೆಯು ಮಾಡುವ ಕಾರ್ಯವನ್ನೇ ಇಲ್ಲಿ ಇದು ಮಾಡುತ್ತದೆ. ಕರ್ತೃಗಳ ಪ್ರತಿಭೆಯು ಎಲ್ಲಿ ನಿಜವಾಗಿ ಕೆಲಸಮಾಡಿತು ಎಂಬುದಕ್ಕೆ ವಿರ್‌ಲೋಕದ ಗೋಪುರಗಳಿಗಿಂತಲೂ ಈ ಒಂದು ಕಟ್ಟಳೆಯು ಹೆಚ್ಚಿನ ಸಾಕ್ಷಿ.

ಇದೇ ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು ೨೦೨೦ರಲ್ಲಿ ಪ್ರಕಟಿಸಿದ ‘ರಾಜಿ’ಯನ್ನು ಇಲ್ಲಿ ಸ್ಮರಿಸಬಹುದು. ತಮ್ಮನನ್ನು ಅಸುರರಿಂದ ಬಿಡಿಸಿ ತರಲು ಹೊರಟ ಬಾಲಿಕೆಯ ಕಥೆಯದು. ಕಥಾಭಾಗವನ್ನು ನೆರಳುಗೊಂಬೆಗಳ ರೀತಿಯಲ್ಲಿ ಹೇಳಿದುದು, ತೊಗಲುಗೊಂಬೆಯ ಆಟವನ್ನು ಬಲ್ಲ ಕನ್ನಡಿಗರಿಗೆ ಒಡನೆಯೇ ಹಿಡಿಸುವ ಗುಣ. ಕಾಳಗದ ಕ್ರೀಡೆಯು ಬಿಗಿಯಿಲ್ಲದುದು ಒಂದು ದೋಷ; ಗರ್ಭ, ವಿಮರ್ಶಸಂಧಿಗಳವರೆಗೆ ಚೆನ್ನಾಗಿ ನಡೆದ ವಸ್ತುವು ನಿರ್ವಹಣಸಂಧಿಯಿಲ್ಲದೆ ಥಟ್ಟನೆ ಕಡಿದುಹೋಗುವುದು ಇನ್ನೊಂದು. ಆದರೂ ವಿನೋದಭಾಗದಲ್ಲಿ ‘ರಾಜಿ’ಯೇ ‘ಇಂಡಸ್’ಗಿಂತ ಹಿರಿದು.

೪

‘ಬ್ಲ್ಯಾಕ್ ಮಿಥ್: ವುಕಾಂಗ್’ ಪ್ರಕಟವಾದ ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳಷ್ಟು ಮಾರಾಟವಾದ ಕೃತಿ. ಇದರ ಮೂಲವು ‘ಪಶ್ಚಿಮಯಾತ್ರೆ’ ಎಂಬ ೧೬ನೆಯ ಶತಮಾನದ ಚೀನೀ ಕಥಾಗ್ರಂಥ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ವರ್ಣಿಸಿದ ಯಾತ್ರಿಕ ಹ್ಯೂಯೆನ್‌ತ್ಸಾಂಗನೇ ಆ ಕಥೆಯ ಭಿಕ್ಷು. ಅವನನ್ನು ಕಾಯುತ್ತ ಬಂದ ವಾನರವೀರನೇ ವುಕಾಂಗ. ಆಡುವವನು ವುಕಾಂಗನಲ್ಲ, ಅವನ ಆರು ಅವಶೇಷಗಳನ್ನು ಹುಡುಕಿ ಹೊರಟ ಇನ್ನೊಬ್ಬ ಮೌನಿಯಾದ ವಾನರ.

ಇದರ ವಿನೋದಭಾಗವು ಅತಿ ಸಮೃದ್ಧವಾದುದು. ಎರಡನೆಯ ಅಧ್ಯಾಯದಲ್ಲಿ, ಮರಳುಗಾಳಿ ಬೀಸುವ ಬೆಂಗಾಡಿನ ನಡುವೆ, ತಲೆಯಿಲ್ಲದ ಒಬ್ಬ ಗಾಯಕನು ಮೂರು ತಂತಿಯ ವಾದ್ಯವನ್ನು ನುಡಿಸುತ್ತ ಕಥೆ ಹಾಡುವನು. ಅದು ಉತ್ತರ ಶಾನ್‌ಶಿ ಸೀಮೆಯ ಹಳ್ಳಿಗರ ಕಥಾಗಾನದ ಶೈಲಿ. ಕರ್ತೃಗಳು ಅದನ್ನು ನಯಮಾಡದೆ, ಅದರ ಒರಟುದನಿಯನ್ನು ಹಾಗೆಯೇ ಉಳಿಸಿಕೊಂಡರು. ಅಂತಹ ಹಾಡನ್ನು ಹಿಂದೆಂದೂ ಕೇಳದ ದೇಶದವರೂ ಅದಕ್ಕೆ ಕಿವಿಗೊಟ್ಟರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ತಂಬೂರಿ, ಗಗ್ಗರ, ಡಕ್ಕೆಗಳೊಡನೆ ಆ ಮಹಿಮನ ಕಥೆಯನ್ನು ಇರುಳೆಲ್ಲ ಹಾಡುವ ನೀಲಗಾರರ ದನಿಯು ಶಾನ್‌ಶಿಯ ಗಾಯಕನ ದನಿಗೆ ಯಾವ ವಿಧದಲ್ಲಿಯೂ ಕಡಮೆಯದಲ್ಲ. ದೇಶೀಯವಾದುದನ್ನು ದೂರದವರಿಗೆ ಸಲ್ಲಿಸಲು ಅದನ್ನು ತಿದ್ದಿ ತೀಡಬೇಕಾಗಿಲ್ಲವೆಂಬ ಪಾಠವು ಇಲ್ಲಿದೆ.

ಕ್ರೀಡೆಯನ್ನು ನೋಡಿದರೆ, ದಂಡಾಯುಧವನ್ನು ಹಿಡಿಯುವ ಮೂರು ಭಂಗಿಗಳೂ ರೂಪಾಂತರವಿದ್ಯೆಯೂ ವಾನರಸ್ವಭಾವಕ್ಕೆ ಅನುಗುಣವಾಗಿವೆ. ಸೋತವನು ಮತ್ತೆ ಗುಡಿಯ ಬಳಿಯಲ್ಲಿ ಎದ್ದು ಬರುವನು. ಪ್ರತಿಯೊಂದು ಸೋಲೂ ಎದುರಾಳಿಯ ಒಂದು ಪಟ್ಟನ್ನು ಕಲಿಸುವುದು. ಗರಡಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಕಲಿತವರಿಗೆ ಈ ಬಗೆಯು ಅಪರಿಚಿತವಲ್ಲ. ಗೆದ್ದ ಮೇಲಣ ಮುಗಿತಾಯವು ಇನ್ನೂ ಗಂಭೀರ: ಸಾಮಾನ್ಯವಾದ ಮುಕ್ತಾಯದಲ್ಲಿ ವಿಜಯಿಯ ತಲೆಗೆ ಹಿಂದೆ ವುಕಾಂಗನನ್ನು ಕಟ್ಟಿಹಾಕಿದ ಪಟ್ಟವೇ ಬಂದು ಕೂರುವುದು. ಗೆಲವೇ ಬಂಧನವಾಗುವ ಈ ವ್ಯಂಗ್ಯವು ಧ್ವನಿಕಾವ್ಯಕ್ಕೆ ತಕ್ಕುದು.

ದೋಷಗಳೂ ಉಂಟು. ಕಣ್ಣಿಗೆ ಬಯಲಾಗಿ ಕಾಣುವ ಕಡೆಗಳಲ್ಲಿ ಕಾಣದ ಗೋಡೆಗಳು ತಡೆಯುವುವು; ಚಿತ್ರವು ‘ಬಾ’ ಎಂದು ಕರೆದರೆ ಕಟ್ಟಳೆಯು ‘ಬಾರದಿರು’ ಎನ್ನುವುದು. ವಿನೋದಕ್ಕೂ ಕ್ರೀಡೆಗೂ ವೈರವು ಹುಟ್ಟುವುದು ಇಂತಹ ಎಡೆಗಳಲ್ಲಿಯೇ. ಕಾಳಗದಿಂದ ಕಾಳಗಕ್ಕೆ ಬಿಡುವಿಲ್ಲದೆ ನಡೆಯುವುದರಿಂದ ವೀರರಸಕ್ಕೆ ವಿಶ್ರಾಂತಿ ದೊರೆಯದೆ, ಅದು ಕೆಲವು ಕಡೆ ಶ್ರಮವಾಗಿ ಪರಿಣಮಿಸುವುದು. ಇದಲ್ಲದೆ ಈ ಕೃತಿಗೆ ಬೆಲೆಬಾಳುವ ಯಂತ್ರವು ಬೇಕು. ಅಂತಹ ಯಂತ್ರವಿಲ್ಲದ ಮದ್ದೂರಿನ ಹುಡುಗನು ಇತರರು ಆಡಿದುದನ್ನು ಯೂಟ್ಯೂಬ್‌ನಲ್ಲಿ ನೋಡಿ ತೃಪ್ತನಾಗಬೇಕು. ಆಗ ಕ್ರೀಡೆಯು ಸಂಪೂರ್ಣವಾಗಿ ವಿನೋದವಾಗಿ ಮಾರ್ಪಡುವುದು. ಸೋತು ಕಲಿಯುವ ಪಾಲು ಮಾತ್ರ ಅವನಿಗೆ ತಪ್ಪಿಹೋಗುವುದು. ಇದು ಕೃತಿಯ ದೋಷವಲ್ಲ. ಆದರೆ ಇಂತಹ ಕೃತಿಗಳನ್ನು ಕೇವಲ ನೋಡಿ ತೀರ್ಮಾನ ಹೇಳುವವರು ಮರೆಯಬಾರದ ವಿಷಯ.

೫

‘ಬಲಾಟ್ರೊ’ ಇದಕ್ಕೆ ನೇರ ಪ್ರತಿಕೋಟಿ. ಕಥೆಯಿಲ್ಲ, ವೀರರಿಲ್ಲ, ಇಸ್ಪೀಟಿನ ಎಲೆಗಳು ಮಾತ್ರ. ಪೋಕರ್ ಆಟದ ಜೋಡಣೆಗಳಿಂದ ಬರುವ ಎಣಿಕೆಯನ್ನು ಒಂದು ಗುಣಕದಿಂದ ಗುಣಿಸಿ, ಗೊತ್ತಾದ ಗುರಿಯನ್ನು ಮುಟ್ಟಬೇಕು. ಎಂಟು ಹಂತಗಳು, ಹಂತಕ್ಕೆ ಮೂರು ಪಂದ್ಯಗಳು. ನಡುನಡುವೆ ದೊರೆಯುವ ಜೋಕರುಗಳು—ಒಟ್ಟು ೧೫೦ ಬಗೆ—ಎಣಿಕೆಯ ಕಟ್ಟಳೆಯನ್ನೇ ಬದಲಿಸುವುವು. ಒಂದು ಪಂದ್ಯದಲ್ಲಿ ಸೋತರೂ ಕಟ್ಟಿದುದೆಲ್ಲ ಅಳಿದು, ಮೊದಲಿನಿಂದ ಆರಂಭಿಸಬೇಕು. ೨೦೨೪ರ ಸೆಪ್ಟೆಂಬರಿನಿಂದ ಇದು ಮೊಬೈಲ್ ಫೋನಿನಲ್ಲಿಯೂ ದೊರೆಯುತ್ತ ಬಂದಿದೆ. ಚೌಕಾಬಾರವನ್ನು ಬಲ್ಲವರಿಗೆ ಇದರ ಸ್ವಾರಸ್ಯವು ಬೇಗ ತಿಳಿಯುವುದು: ಎಲೆ ಬೀಳುವುದು ದೈವಾಧೀನ, ಬಿದ್ದ ಎಲೆಯಿಂದ ಏನನ್ನು ಕಟ್ಟಬೇಕೆಂಬುದು ಪುರುಷಾಧೀನ. ಶುದ್ಧಕ್ರೀಡೆಯೆಂಬ ದೃಷ್ಟಿಯಿಂದ ಪ್ರಕೃತ ನಾಲ್ಕರಲ್ಲಿ ಇದಕ್ಕೇ ಅಗ್ರಸ್ಥಾನ.

ಇಸ್ಪೀಟೆಂದೊಡನೆ ಇದು ಜೂಜಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಯುರೋಪಿನ ವಯೋನಿರ್ಣಯ ಸಂಸ್ಥೆಯಾದ ಪೆಗಿಯೂ ಮೊದಲು ಇದನ್ನು ೧೮ ವರ್ಷ ತುಂಬಿದವರಿಗೆ ಮಾತ್ರವೆಂದು ಗೊತ್ತುಮಾಡಿತ್ತು. ಮನವಿಯ ಮೇಲೆ ೨೦೨೫ರ ಫೆಬ್ರವರಿಯಲ್ಲಿ ಅದನ್ನು ೧೨ಕ್ಕೆ ಇಳಿಸಿತು. ಈ ವಿಷಯದಲ್ಲಿ ಪ್ರಾಚೀನರ ಲಕ್ಷಣವು ಹೆಚ್ಚು ಸ್ಪಷ್ಟ. ನಿರ್ಜೀವವಸ್ತುಗಳಿಂದ ಆಡತಕ್ಕುದು ದ್ಯೂತ, ಪ್ರಾಣಿಗಳಿಂದ ಆಡಿಸತಕ್ಕುದು ಸಮಾಹ್ವಯ ಎಂದು ಮನುಸ್ಮೃತಿಯು ವಿಂಗಡಿಸುವುದು; ಆದರೆ ಎರಡರಲ್ಲಿಯೂ ಒಡ್ಡಿದ ಪಣವೇ ಪ್ರಾಣ. ‘ಬಲಾಟ್ರೊ’ದಲ್ಲಿ ಒಡ್ಡತಕ್ಕ ಹಣವು ಇಲ್ಲ, ಅಲ್ಲಿಯ ನಾಣ್ಯಗಳು ಆಟದೊಳಗೆ ಹುಟ್ಟಿ ಆಟದೊಳಗೇ ಅಳಿಯುವುವು. ಜೂಜಿನ ವೇಷವಿದೆ, ಜೂಜಿಲ್ಲ. ಇದಕ್ಕೆ ವಿಪರೀತವಾಗಿ, ಮಕ್ಕಳಾಟದ ವೇಷವನ್ನು ತೊಟ್ಟು, ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ನಿಜವಾದ ಹಣಕ್ಕೆ ಮಾರುವ ಆಟಗಳು ಲೋಕದಲ್ಲಿ ಹೇರಳವಾಗಿವೆ. ಅಲ್ಲಿ ಜೂಜಿದೆ, ವೇಷವಿಲ್ಲ. ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಅಧಿನಿಯಮವು ಹಣದ ಆಟಗಳನ್ನು ನಿಷೇಧಿಸಿ, ಉಳಿದ ಆಟಗಳನ್ನು ಬೇರೆಯಾಗಿಟ್ಟಿತು. ರಾಜಶಾಸನವು ಸಂಸಾರಗಳ ಹಿತವನ್ನು ನೋಡುವುದು ಯುಕ್ತವೇ. ವಿಮರ್ಶಕನು ಇದಕ್ಕೆ ಸೇರಿಸತಕ್ಕುದು ಇಷ್ಟು: ಪಣವು ಮನೆಯನ್ನು ಕೆಡಿಸುವ ಮೊದಲೇ ಆಟವನ್ನು ಕೆಡಿಸಿರುತ್ತದೆ.

‘ಬಲಾಟ್ರೊ’ದ ದೋಷವೆಂದರೆ ನಿಲುಗಡೆಯಿಲ್ಲದಿರುವುದು. ಮುಗಿದ ಆಟದ ಬುಡದಲ್ಲಿಯೇ ಇನ್ನೊಂದು ಆಟವು ಮೊಳೆಯುವುದು. ಚೌಕಾಬಾರಕ್ಕೆ ಜೊತೆಯವರು ಬೇಕು. ಅವರಿಗೆ ಹಸುವಿನ ಹಾಲು ಕರೆಯುವ ಹೊತ್ತಾದರೆ ಆಟವು ತಾನಾಗಿ ಏಳುವುದು. ಒಬ್ಬನೇ ಆಡುವ ಆಟಕ್ಕೆ ಆ ಹೊತ್ತು ಬರುವುದೇ ಇಲ್ಲ.

೬

‘ಎಕ್ಸ್‌ಪೆಡಿಷನ್ ೩೩’ರ ಮೊದಲ ಹೆಸರಾದ ‘ಕ್ಲೇರ್ ಒಬ್‌ಸ್ಕ್ಯೂರ್’ ಎಂಬುದಕ್ಕೆ ಚಿತ್ರಕಲೆಯ ನೆಳಲು-ಬೆಳಕು ಎಂದರ್ಥ. ಲ್ಯುಮಿಯೇರ್ ಎಂಬ ಪಟ್ಟಣ. ಕಡಲಾಚೆ ಒಂದು ಮಹಾಶಿಲೆ. ಅದರ ಬುಡದಲ್ಲಿ ಒಬ್ಬ ಚಿತ್ರಕಾರ್ತಿ. ಆಕೆಯು ವರ್ಷಕ್ಕೊಮ್ಮೆ ಎದ್ದು ಶಿಲೆಯ ಮೇಲಣ ಅಂಕೆಯನ್ನು ಒಂದರಷ್ಟು ಇಳಿಸಿ ಬರೆಯುವಳು. ಆ ಅಂಕೆಯಷ್ಟು ವಯಸ್ಸಾದವರೆಲ್ಲ ಹೂವಿನ ಎಸಳಾಗಿ ಹಾರಿ ಮಾಯವಾಗುವರು. ಕೃತಿಯ ಆರಂಭದಲ್ಲಿ ಅಂಕೆಯು ೩೩ಕ್ಕೆ ಇಳಿಯುವುದು. ಇನ್ನು ಒಂದೇ ವರ್ಷದ ಆಯುಸ್ಸುಳ್ಳವರು ಗುಂಪುಗೂಡಿ ಆ ಚಿತ್ರಕಾರ್ತಿಯನ್ನು ತಡೆಯಲು ಹೊರಡುವರು. ಪ್ರತಿವರ್ಷವೂ ಹೊರಟವರು ಹಿಂದಿರುಗಿಲ್ಲ. ಆದರೆ ನೆಟ್ಟ ಬಾವುಟವನ್ನೂ ಬರೆದಿಟ್ಟ ಮಾತನ್ನೂ ಮುಂದೆ ಬರುವವರಿಗಾಗಿ ಬಿಟ್ಟುಹೋಗಿದ್ದಾರೆ.

ಕ್ರೀಡೆಯು ಸರದಿಯದು: ತಮ್ಮ ಸರದಿ, ಶತ್ರುವಿನ ಸರದಿ. ಇಂತಹ ಆಟಗಳು ಹಿಂದೆಯೂ ಇದ್ದುವು. ಇಲ್ಲಿಯ ವಿಶೇಷವೆಂದರೆ ಶತ್ರುವಿನ ಸರದಿಯಲ್ಲಿಯೂ ಆಡುವವನು ಸುಮ್ಮನಿರುವಂತಿಲ್ಲ. ಪೆಟ್ಟು ಬೀಳುವ ಕ್ಷಣವನ್ನು ಅರಿತು ತಪ್ಪಿಸಿಕೊಳ್ಳಬೇಕು, ಇಲ್ಲವೆ ತಡೆದು ಮರುಪೆಟ್ಟು ಕೊಡಬೇಕು. ಕ್ಷಣವು ತಪ್ಪಿದರೆ ಪ್ರಾಣವೂ ತಪ್ಪಬಹುದು. ಆಯುಸ್ಸಿನ ಎಣಿಕೆಯಲ್ಲಿ ಬದುಕುವ ಜನರ ಕಥೆಗೆ ಕ್ಷಣದ ಎಣಿಕೆಯನ್ನು ಬೇಡುವ ಕ್ರೀಡೆಯು ಒದಗಿದೆ. ಕಥೆಯಲ್ಲಿರುವ ಎಚ್ಚರವೇ ಆಡುವವನ ಬೆರಳಿನಲ್ಲಿಯೂ 
ಹುಟ್ಟುವುದು, ನಾಯಕನ ಅನುಭಾವವು ಆಡುವವನ ಅನುಭಾವವೇ ಆಗುವುದು. ವಿನೋದಕ್ರೀಡೆಗಳ ಮೈತ್ರಿಗೆ ಪ್ರಕೃತ ನಾಲ್ಕು ಕೃತಿಗಳಲ್ಲಿ ಇದಕ್ಕಿಂತ ಮೇಲಾದ ಉದಾಹರಣೆಯಿಲ್ಲ.

ಕಥೆಯು ಮುಂದುವರಿದಂತೆ ಆ ಲೋಕವೆಲ್ಲ ಒಂದು ಚಿತ್ರಪಟವೆಂದೂ, ಅದು ತೀರಿಹೋದ ಮಗನು ಬರೆದದ್ದೆಂದೂ, ಅವನ ಶೋಕವನ್ನು ತಾಳಲಾರದ ತಾಯಿಯು ಅದರೊಳಗೆ ಸೇರಿಕೊಂಡಿರುವಳೆಂದೂ ತಿಳಿದುಬರುವುದು. ಕೊನೆಯಲ್ಲಿ ಪಟವನ್ನು ಉಳಿಸಬೇಕೆ, ಶೋಕವನ್ನು ಮುಗಿಸಲು ಅದನ್ನು ಅಳಿಸಬೇಕೆ ಎಂಬುದನ್ನು ಆಡುವವನೇ ಗೊತ್ತುಮಾಡಬೇಕು. ಎರಡು ದಾರಿಗಳಲ್ಲಿಯೂ ನಷ್ಟವುಂಟು. ನಾಟಕದಲ್ಲಿ ಸಹೃದಯನು ನಾಯಕನ ಸಂಕಟವನ್ನು ಕಂಡು ಮರುಗುವನು; ಇಲ್ಲಿ ತೀರ್ಮಾನವು ಅವನ ಕೈಯಿಂದಲೇ ಆಗಿ, ಕರುಣರಸದೊಡನೆ ಅಳುಕೂ ಸೇರುವುದು. ಇದು ದೃಶ್ಯಕ್ರೀಡೆಯಲ್ಲಿ ಮಾತ್ರ ಸಾಧ್ಯವಾದ ಸಿದ್ಧಿ.

ಆದರೆ ಈ ಚಂದ್ರನಲ್ಲಿಯೂ ಕಲೆಯುಂಟು. ಮೊದಲ ಎರಡು ಅಂಕಗಳಲ್ಲಿ ಒಂದು ಪೆಟ್ಟಿನ ಬಲಕ್ಕೆ ೯೯೯೯ರ ಮಿತಿಯಿದೆ. ಮೂರನೆಯ ಅಂಕದಲ್ಲಿ ಆ ಮಿತಿಯು ಹೋಗಿ, ಪೆಟ್ಟುಗಳು ಲಕ್ಷಗಳನ್ನು ದಾಟುವುವು. ಲೋಕದ ಮೂಲೆಮೂಲೆಗಳನ್ನು ಸುತ್ತಿ ಬಲವನ್ನು ಕೂಡಿಟ್ಟುಕೊಂಡವನು ಅಂತಿಮಯುದ್ಧಕ್ಕೆ ಬಂದಾಗ, ಎದುರಾಳಿಯು ಬಾಯಿ ತೆರೆಯುವಷ್ಟರಲ್ಲಿಯೇ ಉರುಳುವನು. ಶೋಕದ ಶಿಖರವಾಗಬೇಕಾದ ಎಡೆಯು ಅಂಕಿಗಳ ಜಾತ್ರೆಯಾಗುವುದು. ಕರುಣಕ್ಕೆ ಅಂಗವಾಗಿ ಇರಬೇಕಾದ ವೀರವು ಅಂಗಿಯನ್ನೇ ನುಂಗಿದಂತೆ ಇದು. ಶ್ರದ್ಧೆಯಿಂದ ಹೆಚ್ಚು ಆಡಿದವನಿಗೇ ರಸವು ಕಡಮೆಯಾಗಿ ದೊರೆಯುವುದು ವಿಚಿತ್ರವಾದ ವಿಪರ್ಯಾಸ. ಇಷ್ಟು ಸೂಕ್ಷ್ಮಜ್ಞರಾದ ಕರ್ತೃಗಳು ಇದನ್ನು ತಡೆಯಬಹುದಾಗಿತ್ತು.

೭

ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ಗೊತ್ತಾಗುವುದು ಇದು: ಕೃತಿಯ ಹಿರಿಮೆಯು ಚಿತ್ರದ ಬೆಡಗಿನಿಂದ ಬರಲಿಲ್ಲ, ಹೆಸರುಗಳ ದೇಶೀಯತೆಯಿಂದಲೂ ಬರಲಿಲ್ಲ; ಕಟ್ಟಳೆಯು ಭಾವವನ್ನು ಹೆತ್ತ ಕಡೆಯಲ್ಲೆಲ್ಲ ಬಂದಿದೆ. ಕನ್ನಡದಲ್ಲಿ ಮುಂದೆ ದೃಶ್ಯಕ್ರೀಡೆಗಳು ಹುಟ್ಟಬೇಕೆಂದು ಬಯಸುವವರು, ಹೊಯ್ಸಳರ ಕಂಬಗಳನ್ನೂ ಗಗನಚುಕ್ಕಿಯ ಜಲಪಾತವನ್ನೂ ಚಿತ್ರಿಸಿದೊಡನೆ ಕಾರ್ಯವಾಯಿತೆಂದು ತಿಳಿಯಬಾರದು. ಹುಡುಕಬೇಕಾದುದು ಈ ನೆಲದ ಕಟ್ಟಳೆಗಳನ್ನು.

ಅಂತಹ ಒಂದು ಕಟ್ಟಳೆಯು ಮದ್ದೂರು ತಾಲ್ಲೂಕಿನಲ್ಲಿಯೇ ಕಲ್ಲಿನ ಮೇಲೆ ಬರೆದಿತ್ತು. ಕ್ರಿ. ಶ. ೯೪೯–೫೦ರ ಆತಕೂರಿನ ಶಾಸನವು ತಕ್ಕೋಲದ ಯುದ್ಧವನ್ನು ತಿಳಿಸುವುದರಿಂದ ಚರಿತ್ರಕಾರರಿಗೆ ಸುಪರಿಚಿತ. ಆ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಎದುರಿಸಿದನು. ಬೂತುಗನ ಸೇವಕ ಮಣಲೆರನು ಮೆರೆದ ಪರಾಕ್ರಮಕ್ಕೆ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಮಡಿದುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಸ್ಥಾನದ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ವಿಧಿಸಿದನು. ನಾಯಿಯೂ ಹಂದಿಯೂ ಸೆಣಸುವ ಶಿಲ್ಪವುಳ್ಳ ಆ ಕಲ್ಲನ್ನು ಅನಂತರ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದರು.

ದೃಶ್ಯಕ್ರೀಡೆಗಳಲ್ಲಿ ನಾಯಿಯು ಸತ್ತರೆ ಗುಂಡಿಯೊತ್ತಿ ಎಬ್ಬಿಸಬಹುದು. ಸಾವಿಗೆ ಬೆಲೆಯಿಲ್ಲದ ಕಡೆ ವೀರಕ್ಕೂ ಬೆಲೆಯಿಲ್ಲ; ಪ್ರಕೃತ ನಾಲ್ಕು ಕೃತಿಗಳೂ ತಮ್ಮ ತಮ್ಮ ರೀತಿಯಲ್ಲಿ ಹೆಣಗಿದುದು ಈ ತೊಡಕಿನೊಡನೆಯೇ. ಆತಕೂರಿನ ಕಲ್ಲು ಅದಕ್ಕೆ ಸಾವಿರ ವರ್ಷಗಳ ಹಿಂದೆಯೇ ಒಂದು ಪರಿಹಾರವನ್ನು ಸೂಚಿಸಿತ್ತು. ಬೇಟೆಯು ಒಂದೇ ಸಲ. ಹೋದ ಕಾಳಿಯು ಮತ್ತೆ ಬಾರಳು. ಉಳಿಯುವ ಆಟವೆಂದರೆ ದಿನದಿನವೂ ಉಣ್ಣುವ ಮೊದಲು ಆಕೆಯನ್ನು ನೆನೆಯುವುದು. ಈ ಕಟ್ಟಳೆಯಿಂದ ಒಂದು ಆಟವನ್ನು ಕಟ್ಟಬಲ್ಲವನು ಮಂಡ್ಯದ ಸೀಮೆಯಲ್ಲಿ ಹುಟ್ಟಿದರೆ, ಅವನ ಕೃತಿಗೆ ಕನ್ನಡದ ಹೆಸರು ಹಚ್ಚಬೇಕಾಗಿಲ್ಲ. ಅದರ ಕನ್ನಡತನವು ಆಡುವವನ ಬೆರಳಿಗೇ ತಿಳಿಯುವುದು.